ಮಂಡಿನೋವಿನ ಮೂಲ ಸೊಂಟದಲ್ಲಿರಬಹುದು

ದಾವಣಗೆರೆ: 10ರಿಂದ 16 ವರ್ಷದ, ವಿಶೇಷವಾಗಿ ಸ್ಥೂಲಕಾಯದ ಮಕ್ಕಳು ಮಂಡಿನೋವೆಂದು ಕುಂಟುತ್ತಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ಅದನ್ನು ಆಟದಲ್ಲಾದ ಉಳುಕೆಂದು ಕಡೆಗಣಿಸಬಾರದು.

ತೊಡೆಮೂಳೆಯ ತಲೆ ಹಾಗೂ ಕತ್ತಿನ ನಡುವೆ ಬೆಳವಣಿಗೆಯ ಮೃದ್ವಸ್ಥಿ ಪದರವಿದೆ. ಶೀಘ್ರ ಬೆಳವಣಿಗೆಯ ಕಾಲದಲ್ಲಿ ದೇಹಭಾರ ತಾಳದೆ ಇದು ಸಡಿಲಗೊಂಡರೆ ತಲೆಭಾಗವು ಕತ್ತಿನಿಂದ ಜಾರುತ್ತದೆ. ಥೈರಾಯ್ಡ್ ಕೊರತೆಯೂ ಕಾರಣವಾಗಬಹುದು. ಎರಡಕ್ಕೂ ಸಂಬಂಧಿಸಿದ ನರಗಳಿರುವುದರಿಂದ ಸೊಂಟದ ನೋವು ಮಂಡಿಯಲ್ಲಿ ಭಾಸವಾಗುತ್ತದೆ. ಮಂಡಿಯ ಕ್ಷ-ಕಿರಣ ಚಿತ್ರವಷ್ಟೇ ತೆಗೆಸಿದರೆ ರೋಗ ಪತ್ತೆಯಾಗದು. ಎರಡೂ ಸೊಂಟಗಳ ಚಿತ್ರ, ಅದರಲ್ಲೂ ಪಾರ್ಶ್ವನೋಟ, ಅತ್ಯಗತ್ಯ.

ಮಾಲೀಸು, ಪಟ್ಟುಗಳಿಂದ ಜಾರಿಕೆ ನಿಲ್ಲದು. ಸಣ್ಣ ಗಾಯದ ಮೂಲಕ ಸ್ಕ್ರೂ ಕೂರಿಸಿ, ಜಾರಿದ ಭಾಗವನ್ನು ಇದ್ದಲ್ಲೇ ಸ್ಥಿರಗೊಳಿಸುವುದೇ ಪ್ರಮುಖ ಶಸ್ತ್ರಚಿಕಿತ್ಸೆ. ಊರುಗೋಲಿದ್ದರೂ ನಡೆಯಲಾಗದಿದ್ದರೆ ಅದು ತುರ್ತುಸ್ಥಿತಿ. ರಕ್ತಸಂಚಾರ ಕಡಿದು ಮೂಳೆಯ ತಲೆ ನಿರ್ಜೀವವಾಗುವ ಅಪಾಯವಿದೆ. ಇನ್ನೊಂದು ಸೊಂಟವೂ ಜಾರಬಹುದಾದ್ದರಿಂದ ಬೆಳವಣಿಗೆ ನಿಲ್ಲುವವರೆಗೆ ತಪಾಸಣೆ ಬೇಕು.

ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಹಾಗೂ 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜಿನ ಬಾಪೂಜಿ ಆಸ್ಪತ್ರೆಯಲ್ಲಿ ಮೂಳೆರೋಗ ವಿಭಾಗಗಳಿವೆ. ಹರಿಹರದಿಂದ ದೂರ ಸುಮಾರು 14 ಕಿ.ಮೀ. ಮಾತ್ರ. ಶಂಕೆ ಮೂಡಿದ ಕ್ಷಣದಿಂದ ಮಗು ಆ ಕಾಲಿನ ಮೇಲೆ ಭಾರ ಹಾಕಬಾರದು. ಬೈಕಿನ ಹಿಂಬದಿಯಲ್ಲಿ ಕೂರಿಸದೆ, ವಾಹನದಲ್ಲಿ ಮಲಗಿಸಿಯೇ ಕರೆತರುವುದು ಕ್ಷೇಮ.