ಟಾಂಗಾ ಕುದುರೆಯ ದಿನಚರಿ

ಮೈಸೂರಿನ ಅರಮನೆಯ ಸುತ್ತಮುತ್ತ ಇಂದಿಗೂ ಟಾಂಗಾಗಳು ಓಡಾಡುತ್ತವೆ. ಪ್ರವಾಸಕ್ಕೆ ಬಂದ ಮಕ್ಕಳು ಅವುಗಳಲ್ಲಿ ಕುಳಿತು ನಲಿಯುತ್ತಾರೆ. ಹಿರಿಯರು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಇಳಿಯುವಾಗ ಯಾರಾದರೊಬ್ಬರು, ಸಾಮಾನ್ಯವಾಗಿ ಮನೆಯ ಅತಿ ಚಿಕ್ಕ ಮಗು, ಕೈಯಲ್ಲಿದ್ದ ಬನ್ನನ್ನೋ ಬಿಸ್ಕತ್ತನ್ನೋ ಕುದುರೆಯ ಮೂತಿಗೆ ಹಿಡಿಯುತ್ತದೆ. ಅದನ್ನು ಕಂಡಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ಅದಕ್ಕೆ ಕಾರಣ ಬಹಳ ಹಳೆಯದು.

1962ರ ಬೇಸಿಗೆ. ನನಗಾಗ ಹನ್ನೊಂದು ವರ್ಷ. ಚಿಕ್ಕಮ್ಮನ ಮದುವೆ ಮೈಸೂರಿನ ಅಗ್ರಹಾರದ ಛತ್ರವೊಂದರಲ್ಲಿ ಏರ್ಪಾಡಾಗಿತ್ತು. ರೈಲು ನಿಲ್ದಾಣದಿಂದ ನೆಂಟರನ್ನು ಕರೆತರಲೆಂದು ನಮ್ಮ ತಂದೆಯವರು ಮೂರು ದಿನಗಳ ಮಟ್ಟಿಗೆ ಒಂದು ಟಾಂಗಾ ಗೊತ್ತುಮಾಡಿದ್ದರು. ಅದರ ಒಡೆಯರು ಮಂಡಿ ಮೊಹಲ್ಲಾದ ಒಬ್ಬ ಬಿಳಿಗಡ್ಡದ ಸಾಹೇಬರು. ಕುದುರೆಯ ಹೆಸರು ಬಿಜಲಿ. ಮಿಂಚು ಎಂಬ ಆ ಹೆಸರಿಗೂ ಅದರ ನಡಿಗೆಗೂ ಯಾವ ಸಂಬಂಧವೂ ಇರಲಿಲ್ಲ. ಕಂದು ಬಣ್ಣದ ಆ ಹೆಣ್ಣು ಕುದುರೆ ಚಿಕ್ಕಗಡಿಯಾರದಿಂದ ಛತ್ರದವರೆಗೆ ಬರುವಷ್ಟರಲ್ಲಿ ನಮ್ಮಂಥ ಹುಡುಗರು ಓಡಿಕೊಂಡೇ ಅದನ್ನು ಹಿಂದೆ ಹಾಕುತ್ತಿದ್ದೆವು.

ಮೂರನೆಯ ದಿನ ಭೋಜನವೆಲ್ಲ ಮುಗಿದ ಮೇಲೆ ಸಾಹೇಬರು ಕುದುರೆಯನ್ನು ಛತ್ರದ ಹಿಂದಿನ ಹೊಂಗೆಯ ನೆರಳಿನಲ್ಲಿ ಕಟ್ಟಿ ನಮಾಜಿಗೆ ಹೋದರು. ಮೂರು ದಿನ ನಮಗಾಗಿ ದುಡಿದ ಪ್ರಾಣಿಗೆ ಮದುವೆಯ ಊಟ ಬೇಡವೇ ಎಂದು ನನಗೆ ತೋರಿತು. ಅಡಿಗೆ ಮನೆಯಲ್ಲಿ ಮಿಕ್ಕಿದ್ದ ಅನ್ನವನ್ನೂ ಪುಡಿಯಾದ ಬೂಂದಿ ಲಾಡುಗಳನ್ನೂ ಒಂದು ಬಕೆಟ್ಟಿನಲ್ಲಿ ತುಂಬಿ ಅದರ ಮುಂದಿಟ್ಟೆ. ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಕೆಟ್ಟನ್ನು ನೆಕ್ಕಿ ಬರಿದು ಮಾಡಿತು. ಆ ಸಂತೋಷದಲ್ಲಿ ಇನ್ನೊಂದು ಬಕೆಟ್ಟು ತಂದೆ.

ರಾತ್ರಿ ಹತ್ತರ ಹೊತ್ತಿಗೆ ಸಾಹೇಬರ ಮೊಮ್ಮಗ ಓಡಿಬಂದ. ಕುದುರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದೆಯೆಂದೂ, ಛತ್ರದಲ್ಲಿ ಅದಕ್ಕೆ ಏನು ತಿನ್ನಿಸಿದರೆಂದು ತಾತ ಕೇಳಿಕೊಂಡು ಬರಹೇಳಿದ್ದಾರೆಂದೂ ಹೇಳಿದ. ತಂದೆಯವರೊಡನೆ ನಾನೂ ಹೊರಟೆ. ಲಾಂದ್ರದ ಬೆಳಕಿನಲ್ಲಿ ಕಂಡ ಆ ದೃಶ್ಯವನ್ನು ನಾನು ಮರೆತಿಲ್ಲ. ಬಿಜಲಿಯ ಮೈಯೆಲ್ಲ ಬೆವರಿನಿಂದ ತೊಯ್ದಿತ್ತು. ಅದು ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಅಲ್ಲಿ ಯಾರೋ ನಿಂತಿದ್ದಾರೆಂಬಂತೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಮಲಗಲು ಹೋಗುತ್ತಿತ್ತು, ಸಾಹೇಬರು ಹಗ್ಗ ಹಿಡಿದು ಎಬ್ಬಿಸಿ ನಡೆಸುತ್ತಿದ್ದರು. ನಾನು ಅಳುತ್ತ ನಡೆದುದನ್ನು ಹೇಳಿಬಿಟ್ಟೆ.

“ಎಷ್ಟು ಹಾಕಿದೆ, ಮರಿ?” ಎಂದರು ಸಾಹೇಬರು.

“ಎರಡು ಬಕೆಟ್ಟು.”

ಅವರು ಬಯ್ಯಲಿಲ್ಲ. ಹಗ್ಗವನ್ನು ಮೊಮ್ಮಗನ ಕೈಗೆ ಕೊಟ್ಟು ಜಗಲಿಯ ಮೇಲೆ ಕುಳಿತುಬಿಟ್ಟರು. ಬಯ್ದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿತು.

ನಡುರಾತ್ರಿಯ ಹೊತ್ತಿಗೆ ಪಶುವೈದ್ಯರು ಬಂದರು. ಮೂಗಿನ ಹೊಳ್ಳೆಯ ಮೂಲಕ ಉದ್ದನೆಯ ರಬ್ಬರು ಕೊಳವೆಯನ್ನು ಹೊಟ್ಟೆಯವರೆಗೂ ಇಳಿಸಿ, ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆಯನ್ನು ಸುರಿದರು. ಬೆಳಗಿನ ಜಾವ ಬಿಜಲಿ ಲದ್ದಿ ಹಾಕಿತು. ಲದ್ದಿಯನ್ನು ಕಂಡು ಇಷ್ಟೊಂದು ಜನ ಏಕಕಾಲದಲ್ಲಿ ದೇವರನ್ನು ನೆನೆದದ್ದನ್ನು ನಾನು ಮತ್ತೆಲ್ಲಿಯೂ ನೋಡಿಲ್ಲ. ಆದರೆ ವೈದ್ಯರ ಮುಖ ಅರಳಲಿಲ್ಲ. “ಹೊಟ್ಟೆ ಉಳಿಯಿತು. ಇನ್ನು ಕಾಲು ಉಳಿಯಬೇಕು” ಎಂದು ಹೇಳಿ ಹೊರಟರು.

ತಿಂದದ್ದು ಹೊಟ್ಟೆ, ಕಾಲಿಗೇನು ಸಂಬಂಧ? ಈ ಪ್ರಶ್ನೆಗೆ ಉತ್ತರ ತಿಳಿದರೆ ಕುದುರೆಯ ಪಾಲನೆಯ ಅರ್ಧ ತಿಳಿದಂತೆ. ಐನೂರು ಕಿಲೋ ತೂಗುವ ದೊಡ್ಡ ಕುದುರೆಗೂ ಇರುವ ಜಠರ ಕೇವಲ ಎಂಟರಿಂದ ಹದಿನೈದು ಲೀಟರಿನಷ್ಟು. ಬಯಲಿನಲ್ಲಿ ದಿನವಿಡೀ ತಲೆ ಬಗ್ಗಿಸಿ ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯಲೆಂದೇ ಸೃಷ್ಟಿಯಾದ ಪ್ರಾಣಿ ಅದು. ಹಸುವಿನಂತೆ ಮೆಲುಕು ಹಾಕಲಾರದು. ನಮ್ಮಂತೆ ಬೇಡವಾದದ್ದನ್ನು ವಾಂತಿ ಮಾಡಿ ಹೊರಹಾಕಲೂ ಆರದು. ಹೆಚ್ಚಾದ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಹಿಂದಿನ ದೊಡ್ಡ ಕರುಳಿಗೆ ನುಗ್ಗುತ್ತದೆ. ನಾರನ್ನು ಕೊಳೆಯಿಸಿ ಜೀರ್ಣಿಸುವ ಅಲ್ಲಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಆಮ್ಲ ಹೆಚ್ಚುತ್ತದೆ. ವಿಷವಸ್ತುಗಳು ರಕ್ತಕ್ಕೆ ಸೇರುತ್ತವೆ. ಅವುಗಳ ಪೆಟ್ಟು ಬೀಳುವುದು ಗೊರಸಿನ ಒಳಗೆ. ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟಿರುವ ನವಿರಾದ ಪದರ ಉರಿಗೊಂಡು ಸಡಿಲವಾಗುತ್ತದೆ. ವಿಪರೀತಕ್ಕೆ ಹೋದರೆ ಮೂಳೆಯೇ ಕೆಳಕ್ಕೆ ಇಳಿಯುತ್ತದೆ. ಅಂತಹ ಕುದುರೆ ಮತ್ತೆ ಗಾಡಿ ಎಳೆಯಲಾರದು. ಎಷ್ಟೋ ವೇಳೆ ನಿಲ್ಲಲೂ ಆರದು.

ಸಾಹೇಬರಿಗೆ ಈ ವಿವರವೆಲ್ಲ ತಿಳಿದಿತ್ತೋ ಇಲ್ಲವೋ, ಮಾಡಬೇಕಾದದ್ದು ಮಾತ್ರ ತಿಳಿದಿತ್ತು. ಅಂಗಳದಲ್ಲಿ ಗುಂಡಿ ತೋಡಿ, ನೀರು ಸುರಿದು ಕೆಸರು ಮಾಡಿ, ಮೂರು ದಿನ ಬಿಜಲಿಯ ಕಾಲುಗಳನ್ನು ಅದರಲ್ಲಿ ತಂಪಾಗಿ ಇಟ್ಟರು. ಇಂದಿನ ವೈದ್ಯರು ಮಂಜುಗಡ್ಡೆಯ ನೀರಿನಲ್ಲಿ ಕಾಲಿಡಿಸಿ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತಾರೆ. ಗಂಟೆಗೊಮ್ಮೆ ಸಾಹೇಬರು ಬಗ್ಗಿ ಗೊರಸು ಬಿಸಿಯಾಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡುವರು; ಗೊರಸಿನ ಮೇಲ್ಗಡೆಯ ಗಂಟಿನ ಬಳಿ ಬೆರಳಿಟ್ಟು ನಾಡಿ ಜೋರಾಗಿ ಹೊಡೆಯುತ್ತಿದೆಯೇ ಎಂದು ಪರೀಕ್ಷಿಸುವರು. ಒಂಬತ್ತು ದಿನ ಟಾಂಗಾ ಮನೆಯಲ್ಲೇ ನಿಂತಿತು. ಒಂಬತ್ತು ದಿನದ ಸಂಪಾದನೆಯನ್ನು ತಂದೆಯವರು ಲೆಕ್ಕ ಹಾಕಿ ಕೊಟ್ಟರು. ಸಾಹೇಬರು ಬೇಡವೆನ್ನದೆ ಎಣಿಸಿ ತೆಗೆದುಕೊಂಡು, “ಸ್ವಾಮಿ, ರಜ ಮುಗಿಯುವವರೆಗೆ ಹುಡುಗನನ್ನು ಬೆಳಿಗ್ಗೆ ಐದಕ್ಕೆ ಕಳಿಸಿ” ಎಂದರು. ಅಜ್ಜಿಯ ಮನೆ ಹತ್ತಿರವೇ ಇದ್ದುದರಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ಹೋದೊಡನೆ ಕೆಲಸ ಹೇಳುತ್ತಾರೆಂದುಕೊಂಡಿದ್ದೆ. ಮೊದಲ ಕೆಲಸ ಸುಮ್ಮನೆ ನೋಡುವುದು. ಕಿವಿಗಳು ಚುರುಕಾಗಿವೆಯೇ, ರಾತ್ರಿ ಹಾಕಿದ ಹುಲ್ಲು ಮುಗಿದಿದೆಯೇ, ಲದ್ದಿ ಎಷ್ಟು ಕಡೆ ಬಿದ್ದಿದೆ, ಗಟ್ಟಿಯೋ ತೆಳುವೋ. ಆರೋಗ್ಯವಾದ ಕುದುರೆ ದಿನಕ್ಕೆ ಎಂಟು ಹತ್ತು ಬಾರಿ ಲದ್ದಿ ಹಾಕುತ್ತದೆ. ಬೆಳಿಗ್ಗೆ ನೆಲ ಚೊಕ್ಕಟವಾಗಿದ್ದರೆ ಸಂತೋಷಪಡತಕ್ಕದ್ದಲ್ಲ, ಗಾಬರಿಯಾಗತಕ್ಕದ್ದು. ಮೈಯಲ್ಲಿ ಹುಲ್ಲಿನ ಎಸಳು ಅಂಟಿದ್ದರೆ ಸಾಹೇಬರಿಗೆ ಸಮಾಧಾನ: ರಾತ್ರಿ ಮಲಗಿತ್ತೆಂದು ಅರ್ಥ. ಕುದುರೆ ನಿಂತೇ ನಿದ್ರಿಸುತ್ತದೆಂಬ ನಮ್ಮ ನಂಬಿಕೆ ಅರ್ಧ ಸತ್ಯ. ಕೀಲುಗಳನ್ನು ಬಿಗಿಹಿಡಿದು ನಿಂತಲ್ಲೇ ತೂಕಡಿಸುವ ಶಕ್ತಿ ಅದಕ್ಕುಂಟು. ಆದರೆ ಗಾಢನಿದ್ರೆಗೆ ಅದೂ ನೆಲಕ್ಕೆ ಒರಗಲೇಬೇಕು. ಒದ್ದೆಯಾದ, ಇಕ್ಕಟ್ಟಾದ, ಭಯವಿರುವ ಜಾಗದಲ್ಲಿ ಅದು ಮಲಗುವುದಿಲ್ಲ.

ಅನಂತರ ನೀರು. ಬೀದಿಯ ನಲ್ಲಿಯಿಂದ ಬಕೆಟ್ಟು ಹೊತ್ತು ತರುವುದು ನನ್ನ ಪಾಲಿಗೆ ಬಂತು. ಇಷ್ಟು ಚಿಕ್ಕ ಕುದುರೆ ಇಷ್ಟು ನೀರು ಕುಡಿಯುತ್ತದೆಂದು ನನ್ನ ಭುಜಗಳಿಗೆ ಮೊದಲು ತಿಳಿಯಿತು. ದೊಡ್ಡ ಕುದುರೆಗೆ ದಿನಕ್ಕೆ ಇಪ್ಪತ್ತೈದರಿಂದ ನಲವತ್ತೈದು ಲೀಟರು ಬೇಕು. ಬಿಸಿಲಿನಲ್ಲಿ ದುಡಿದರೆ ಇನ್ನೂ ಹೆಚ್ಚು. ಬೆವರಿದ ಕುದುರೆಗೆ ನೀರು ತೋರಿಸಲೇಕೂಡದೆಂದು ಹಿಂದಿನವರು ಹೇಳುತ್ತಿದ್ದರು. ಆ ಮಾತನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ಮೆಲ್ಲಗೆ ನಡೆದಾಡಿಸುತ್ತ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು; ಬಾಯಾರಿಕೆಯಲ್ಲಿ ನಿಲ್ಲಿಸುವುದೇ ಅಪಾಯ.

ಮೇವಿನಲ್ಲಿ ಮೊದಲ ಸ್ಥಾನ ಹುಲ್ಲಿಗೆ. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು ಒಣಮೇವು ದಿನಕ್ಕೆ ಬೇಕು. ಎಂದರೆ 250 ಕಿಲೋ ತೂಗುವ ಟಾಂಗಾ ಕುದುರೆಗೆ ಸುಮಾರು ನಾಲ್ಕರಿಂದ ಐದು ಕಿಲೋ. ಹಸಿಹುಲ್ಲಾದರೆ ನೀರಿನಂಶದ ದೆಸೆಯಿಂದ ಅದರ ಹಲವು ಪಟ್ಟು. ಗರಿಕೆಯ ಕಟ್ಟನ್ನು ಸಾಹೇಬರು ಕಲ್ಲಿಗೆ ಬಡಿದು ಮಣ್ಣು ಉದುರಿಸಿಯೇ ಹಾಕುತ್ತಿದ್ದರು. ಮರಳು ಹೊಟ್ಟೆಗೆ ಸೇರಿದರೆ ಅದೂ ಶೂಲೆಗೆ ದಾರಿ. ಹುರುಳಿಯನ್ನು ರಾತ್ರಿಯೇ ನೆನೆಹಾಕಿ, ಬೇಯಿಸಿ, ಬೂಸಾ ಮತ್ತು ಚಿಟಿಕೆ ಉಪ್ಪು ಬೆರೆಸಿ ಅಳತೆಯಿಂದ ಕೊಡುವರು. ಕೊಟ್ಟ ಮೇಲೆ ಒಂದು ಗಂಟೆ ಗಾಡಿಗೆ ಕಟ್ಟುವಂತಿಲ್ಲ, ರೈಲು ತಪ್ಪಲಿ, ಬಿಡಲಿ. ಒಮ್ಮೆ ಒಬ್ಬ ವಕೀಲರು ಬಾಗಿಲಲ್ಲಿ ನಿಂತು ದುಪ್ಪಟ್ಟು ಬಾಡಿಗೆ ಕೊಡುತ್ತೇನೆಂದರೂ ಸಾಹೇಬರು ಅಲ್ಲಾಡಲಿಲ್ಲ. ಅವರಿನ್ನೂ ಚಹಾ ಕುಡಿದಿರಲಿಲ್ಲ. ಕುದುರೆ ತಿಂದ ಮೇಲೆಯೇ ಅವರ ಮನೆಯಲ್ಲಿ ಒಲೆ ಹತ್ತುತ್ತಿತ್ತು.

ಮೈ ಉಜ್ಜುವುದನ್ನು ನಾನು ಅಲಂಕಾರವೆಂದು ತಿಳಿದಿದ್ದೆ. ಅದೊಂದು ಬಗೆಯ ತಪಾಸಣೆ. ಎದೆಯ ಪಟ್ಟಿ, ಬೆನ್ನಿನ ಗಾದಿ ತಾಗುವ ಜಾಗಗಳಲ್ಲಿ ಬೆವರಿನ ಉಪ್ಪು ಒಣಗಿ ನಿಂತರೆ ಮರುದಿನ ಚರ್ಮ ಕಿತ್ತು ಹುಣ್ಣಾಗುತ್ತದೆ. ಕಣ್ಣಿಗೆ ಕಾಣದ ಊತ ಕೈಗೆ ಸಿಕ್ಕುತ್ತದೆ. “ಕೈಯನ್ನು ಮೈಯಿಂದ ತೆಗೆಯಬೇಡ, ಮರಿ. ಹಿಂದುಗಡೆ ಹೋಗುವಾಗಲೂ ಕೈ ಸವರುತ್ತಲೇ ಹೋಗು. ನೀನೆಲ್ಲಿದ್ದೀ ಅಂತ ಅವಳಿಗೆ ಗೊತ್ತಿರಲಿ” ಎನ್ನುತ್ತಿದ್ದರು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಒದೆತ ಬೀಳುವುದು ಅಲ್ಲಿಯೇ.

ಕೊನೆಯದಾಗಿ ಕಾಲು. ‘ಕುದುರೆ ಕಂಡರೆ ಕಾಲುನೋವು’ ಎಂಬ ನಮ್ಮ ಗಾದೆ ಸೋಮಾರಿಗಳನ್ನು ಹಾಸ್ಯಮಾಡುತ್ತದೆಯೇ ಹೊರತು ಕುದುರೆಯ ಕಾಲನ್ನು ಕುರಿತು ಮಾತಾಡುವುದಿಲ್ಲ. ದಿನಕ್ಕೆರಡು ಬಾರಿ ನಾಲ್ಕೂ ಗೊರಸುಗಳನ್ನೆತ್ತಿ, ಬಾಗಿದ ಕಬ್ಬಿಣದ ಕೊಕ್ಕೆಯಿಂದ ಸಿಕ್ಕಿಕೊಂಡ ಕಲ್ಲು, ಸಗಣಿ, ಮೊಳೆಗಳನ್ನು ತೆಗೆಯಬೇಕು. ಗೊರಸಿನ ತಳದಲ್ಲಿ ರಬ್ಬರಿನಂತೆ ಮೆದುವಾದ ಮುಕ್ಕೋನದ ಭಾಗವೊಂದಿದೆ. ಇಂಗ್ಲಿಷರು ಅದನ್ನು ಏಕೋ ‘ಕಪ್ಪೆ’ ಎಂದು ಕರೆದರು. ಅಲ್ಲಿ ದುರ್ವಾಸನೆ ಬಂದರೆ ಲಾಯ ಒದ್ದೆಯಾಗಿದೆಯೆಂದೂ ಯಜಮಾನ ಮೈಮರೆತಿದ್ದಾನೆಂದೂ ತಿಳಿಯತಕ್ಕದ್ದು. ಗೊರಸು ನಮ್ಮ ಉಗುರಿನಂತೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಆದುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಿಸಬೇಕು. ಲಾಳ ಸವೆದಿಲ್ಲವೆಂದು ಮುಂದೂಡುವುದು ಸುಳ್ಳು ಉಳಿತಾಯ. ಹೊರಗಿನ ಗೋಡೆಯಲ್ಲಿ ನರಗಳಿಲ್ಲದ ಕಾರಣ ಸರಿಯಾಗಿ ಹೊಡೆದ ಮೊಳೆ ನೋಯುವುದಿಲ್ಲ. ಒಂದು ಕೂದಲಿನಷ್ಟು ಒಳಗೆ ಹೋದರೆ ಕುದುರೆ ಕುಂಟುತ್ತದೆ.

ಹಲ್ಲಿನ ವಿಷಯವನ್ನು ಸಾಹೇಬರು ಹೇಳಿದ ನೆನಪಿಲ್ಲ. ಆದರೆ ಅದೂ ಮುಖ್ಯ. ಅರೆಯುವ ಹಲ್ಲುಗಳ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ. ಅರೆಜಗಿದ ಹುಲ್ಲಿನ ಉಂಡೆಗಳು ಬಾಯಿಂದ ಉದುರತೊಡಗಿದರೆ ವೈದ್ಯರಿಂದ ಹಲ್ಲು ಉಜ್ಜಿಸಬೇಕು. ವರ್ಷಕ್ಕೊಮ್ಮೆ ತೋರಿಸುವುದು ವಾಡಿಕೆ. ಧನುರ್ವಾಯುವಿನ ಚುಚ್ಚುಮದ್ದನ್ನು ಯಾರೂ ಮರೆಯಕೂಡದು. ಕುದುರೆಗಳಿಗೆ ಆ ರೋಗ ಬಲು ಸುಲಭವಾಗಿ ತಗಲುತ್ತದೆ.

ವಿರಾಟನ ಲಾಯದಲ್ಲಿ ನಕುಲ ಮಾಡಿದ ಸೇವೆಯನ್ನು ಹರಿಕಥೆಗಳಲ್ಲಿ ಕೇಳಿ ತಲೆದೂಗುವ ನಾವು, ಬೀದಿಯಲ್ಲಿ ಬಾರುಕೋಲು ಹಿಡಿದವನನ್ನು ಅವಸರಪಡಿಸುವಾಗ ಅದನ್ನು ನೆನೆಯುವುದಿಲ್ಲ. ಗಾಡಿ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚಾಗಲಿ, ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚಾಗಲಿ ದುಡಿಸಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಊರಿನಲ್ಲಿ ಹಗಲು ಹನ್ನೆರಡರಿಂದ ಮೂರರವರೆಗೆ ಕಟ್ಟಲೇಕೂಡದು. ನಿಯಮ ಗಾಡಿಯವನಿಗೆ ಸಂಬಂಧಿಸಿದ್ದು ನಿಜ. ಆದರೆ ಆ ಹೊತ್ತಿನಲ್ಲಿ “ಇನ್ನೊಂದು ಸುತ್ತು ಹೊಡಿ” ಎನ್ನುವವರು ನಾವು.

ಹತ್ತನೆಯ ದಿನ ಬಿಜಲಿಯನ್ನು ಖಾಲಿ ಗಾಡಿಗೆ ಕಟ್ಟಿ ಸಾಹೇಬರು ಬೀದಿಯ ಕೊನೆಯವರೆಗೆ ನಡೆಸಿದರು. ನಾನು ಹಿಂದೆ ನಡೆಯುತ್ತ ಲಾಳದ ಸದ್ದು ಕೇಳುತ್ತಿದ್ದೆ. ನಾಲ್ಕು ಕಾಲಿನ ಸದ್ದೂ ಒಂದೇ ಸಮನಾಗಿದ್ದರೆ ನೋವಿಲ್ಲವೆಂದು ಅವರು ಹೇಳಿಕೊಟ್ಟಿದ್ದರು. ಒಂದೇ ಸಮನಾಗಿತ್ತು.

ಈಚೆಗೆ ಮೊಮ್ಮಗಳೊಡನೆ ಮೈಸೂರಿಗೆ ಹೋಗಿದ್ದಾಗ ಅರಮನೆಯ ಬಳಿ ಟಾಂಗಾ ಹತ್ತಿದೆವು. ಇಳಿದೊಡನೆ ಅವಳು ಕೈಯಲ್ಲಿದ್ದ ಬನ್ನನ್ನು ಕುದುರೆಯತ್ತ ಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಗಾಡಿಯ ತರುಣ ನಕ್ಕು, “ಬೇಡಮ್ಮಾ, ಅದರ ಮೇವು ಆಗಿದೆ” ಎಂದ.

“ಲಾಳ ಕಟ್ಟಿಸಿ ಎಷ್ಟು ದಿನವಾಯಿತಪ್ಪ?” ಎಂದು ಕೇಳಿದೆ.

“ಇಪ್ಪತ್ತು ದಿನ ಆಯಿತು ಸಾರ್. ನಿಮ್ಮ ಮನೆಯಲ್ಲೂ ಕುದುರೆ ಇತ್ತೇ?”

“ಇರಲಿಲ್ಲ. ಒಂದು ತಿಂಗಳು ನೀರು ಹೊತ್ತಿದ್ದೆ.”

ಬನ್ನನ್ನು ಮೊಮ್ಮಗಳೇ ತಿಂದಳು.