ಎಲ್ಲೆ ಎಳೆಯುವ ಕೈ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಟಿಪ್ಪುವಿನ ಪತನದ ತರುವಾಯ ಒಂದೂವರೆ ಶತಮಾನ ಈ ಎರಡು ಊರುಗಳು ಬೇರೆ ಬೇರೆ ಸರ್ಕಾರಗಳಿಗೆ ಸೇರಿದ್ದವು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ ಮದರಾಸಿನ ಆಡಳಿತಕ್ಕೆ ಹೋಯಿತು; ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲಿ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಎಲ್ಲೆ ಅಳಿಯಿತು. ಸಂಚಿಯ ಹೊನ್ನಮ್ಮನ ಊರಿನವರಿಗಾಗಲಿ, ಮಾದೇಶ್ವರನ ಮಹಿಮೆ ಹಾಡುತ್ತ ಬೆಟ್ಟಕ್ಕೆ ಹೋಗುವ ಕಂಸಾಳೆಯವರಿಗಾಗಲಿ ಅದು ಎಂದೂ ದೊಡ್ಡ ಅಡ್ಡಿಯಾಗಿದ್ದಂತೆ ಕಾಣೆ.

ಶಾಸನಸಭೆಯ ಕ್ಷೇತ್ರಗಳ ಎಲ್ಲೆಯ ಮಾತು ಬೇರೆ. ರಾಜ್ಯದ ಗಡಿ ಬದಲಾದರೆ ಶಾಲೆಯ ಮಕ್ಕಳಿಗೂ ತಿಳಿಯುತ್ತದೆ. ಕ್ಷೇತ್ರದ ಗಡಿ ಬದಲಾದದ್ದು ನಮ್ಮಲ್ಲಿ ಅನೇಕರಿಗೆ ತಿಳಿಯುವುದು ಮತಗಟ್ಟೆಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನು ಕಂಡಾಗ. 2008ರವರೆಗೆ ಯಳಂದೂರು ಸಂತೇಮರಹಳ್ಳಿ ಕ್ಷೇತ್ರದಲ್ಲಿತ್ತು. 2004ರ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜನತಾದಳದ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಮತ. ಎಲ್ಲೆ ಒಂದು ಕೇರಿಯಷ್ಟು ಆಚೆಗೋ ಈಚೆಗೋ ಸರಿದಿದ್ದರೆ ಏನಾಗುತ್ತಿತ್ತೆಂದು ಊಹಿಸಲು ಗಣಿತದ ಪಾಂಡಿತ್ಯ ಬೇಕಿಲ್ಲ. ಅದರ ಮುಂದಿನ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ. ಯಳಂದೂರೂ ಸಂತೇಮರಹಳ್ಳಿಯೂ ಕೊಳ್ಳೇಗಾಲ ಕ್ಷೇತ್ರದೊಳಗೆ ಬಂದವು. ಹನೂರು ಪ್ರತ್ಯೇಕ ಕ್ಷೇತ್ರವಾಗಿ ಮುಂದುವರಿಯಿತು.

ಇದು ಯಾವ ಪಕ್ಷದ ಸಂಚೂ ಅಲ್ಲವೆಂಬುದನ್ನು ಮೊದಲೇ ಹೇಳಬೇಕು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಹಿಡಿದು ಎಲ್ಲೆಗಳನ್ನು ಗುರುತಿಸಿತು. ರಾಜ್ಯದ ಒಟ್ಟು ಸ್ಥಾನಗಳು 224, ಅದನ್ನು ಹೆಚ್ಚಿಸುವಂತಿರಲಿಲ್ಲ. ಬೆಂಗಳೂರು ಬೆಳೆದು 28 ಸ್ಥಾನಗಳಿಗೆ ಹಕ್ಕುದಾರನಾದಾಗ ಅವು ಬೇರೆ ಜಿಲ್ಲೆಗಳಿಂದಲೇ ಬರಬೇಕಾಯಿತು. ಚಾಮರಾಜನಗರ ಜಿಲ್ಲೆಯ ಐದು ಸ್ಥಾನಗಳು ನಾಲ್ಕಾದವು. ಇಡೀ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು 33ರಿಂದ 36ಕ್ಕೆ ಏರಿದಾಗ, ನಮ್ಮ ಜಿಲ್ಲೆಯಲ್ಲಿ ಎರಡಿದ್ದದ್ದು ಒಂದಾಯಿತು. ಲೆಕ್ಕ ಸರಿಯಾಗಿತ್ತು, ನಷ್ಟವೂ ನಿಜವಾಗಿತ್ತು. ಯಾರ ದುರುದ್ದೇಶವೂ ಇಲ್ಲದೆ ಎಳೆದ ಗೆರೆಯೇ ಇಷ್ಟು ಮಾಡಬಲ್ಲುದಾದರೆ, ಉದ್ದೇಶಪೂರ್ವಕವಾಗಿ ಎಳೆದ ಗೆರೆ ಏನು ಮಾಡೀತು?

ಐವತ್ತು ಮನೆಗಳ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಮೂವತ್ತು ಮನೆ ಒಂದು ಪಕ್ಷಕ್ಕೆ, ಇಪ್ಪತ್ತು ಮನೆ ಇನ್ನೊಂದಕ್ಕೆ. ಹತ್ತು ಹತ್ತು ಮನೆಗಳ ಐದು ವಾರ್ಡುಗಳನ್ನು ಮಾಡಬೇಕು. ಗೆರೆ ಎಳೆಯುವ ಅಧಿಕಾರ ಇಪ್ಪತ್ತರ ಪಕ್ಷಕ್ಕೆ ಸಿಕ್ಕಿದೆ. ಅದು ಎದುರಾಳಿಯ ಹದಿನೆಂಟು ಮನೆಗಳನ್ನು ಎರಡು ವಾರ್ಡುಗಳಲ್ಲಿ ಒಂಬತ್ತೊಂಬತ್ತರಂತೆ ತುರುಕುತ್ತದೆ. ಉಳಿದ ಹನ್ನೆರಡನ್ನು ಮೂರು ವಾರ್ಡುಗಳಿಗೆ ನಾಲ್ಕು ನಾಲ್ಕರಂತೆ ಚದುರಿಸುತ್ತದೆ. ಆ ಮೂರರಲ್ಲೂ ತನ್ನವು ಆರಾರು ಮನೆ. ಊರಿನ ಅಲ್ಪಸಂಖ್ಯೆಯ ಪಕ್ಷ ಐದರಲ್ಲಿ ಮೂರನ್ನು ಗೆದ್ದಿತು. ಒಂದು ಮತವನ್ನೂ ಕದ್ದಿಲ್ಲ, ಒಂದು ಪೆಟ್ಟಿಗೆಯನ್ನೂ ಒಡೆದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1812ರಲ್ಲಿ ಗವರ್ನರ್ ಎಲ್‌ಬ್ರಿಜ್ ಗೆರಿ ಅಂಗೀಕರಿಸಿದ ನಕ್ಷೆಯ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯನ್ನು ಹೋಲುತ್ತಿತ್ತಂತೆ. ಅಂದಿನ ವಿನೋದಗಾರರು ಎರಡು ಹೆಸರುಗಳನ್ನು ಬೆಸೆದು 'ಗೆರಿಮ್ಯಾಂಡರ್' ಎಂದರು. ಕನ್ನಡದಲ್ಲಿ ಇದಕ್ಕೆ ಪದವಿಲ್ಲದಿರುವುದನ್ನು ನಮ್ಮ ಸೌಜನ್ಯವೆಂದು ತಿಳಿಯಬಾರದು.

ಏಕೆಂದರೆ ಸ್ಥಳೀಯ ಸಂಸ್ಥೆಗಳಲ್ಲಿ ನಮ್ಮ ಎಲ್ಲೆಗಳು ಆಳುವವರ ಕೈಗೆ ಹೆಚ್ಚು ಹತ್ತಿರ ಇವೆ. 2021ರಲ್ಲಿ ಭಾರತೀಯ ಜನತಾ ಪಕ್ಷದ ಸರ್ಕಾರ ಪಂಚಾಯತ್ ಕ್ಷೇತ್ರಗಳ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ಒಪ್ಪಿಸಿತು. ಅದೇ ವರ್ಷ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ ಮುಗಿದಿತ್ತು. ಆ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರಿನಲ್ಲಿ 2022ರಲ್ಲಿ 243 ವಾರ್ಡುಗಳ ನಕ್ಷೆ ಬಂದಾಗ, ತಮ್ಮ ಶಾಸಕರಿರುವ ಕಡೆ ವಾರ್ಡುಗಳನ್ನು ಕುಗ್ಗಿಸಿದ್ದಾರೆಂದು ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಕೂಗೆಬ್ಬಿಸಿತು, ನ್ಯಾಯಾಲಯಕ್ಕೂ ಹೋಯಿತು. 2023ರಲ್ಲಿ ಅದೇ ಪಕ್ಷ ಅಧಿಕಾರಕ್ಕೆ ಬಂತು. ವಾರ್ಡುಗಳು 225 ಆದವು. ಈಗ ಕೂಗುವ ಸರದಿ ಮತ್ತೊಬ್ಬರದು. ಯಾರ ನಕ್ಷೆ ಎಷ್ಟು ನ್ಯಾಯವಾದದ್ದೆಂಬ ತೀರ್ಪನ್ನು ನಾನು ಕೊಡಲಾರೆ. ನನ್ನ ಗಮನವಿರುವುದು ಬೇರೆಡೆ: ಗೆರೆ ತಮ್ಮ ಕೈಯಲ್ಲಿರಬಾರದೆಂಬ ಮಾತನ್ನು ವಿರೋಧದಲ್ಲಿದ್ದಾಗಲೂ ಇಬ್ಬರೂ ಗಟ್ಟಿಯಾಗಿ ಆಡಲಿಲ್ಲ. ಈ ನಡುವೆ, 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮಹಾನಗರ ಪಾಲಿಕೆಯನ್ನು ಅಧಿಕಾರಿಗಳು ನಡೆಸುತ್ತ ಹೋದರು.

ಹಾಗಾದರೆ ವಿರೋಧ ಪಕ್ಷ ಏನು ಮಾಡಬೇಕು? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆನ್ನುವವರಿದ್ದಾರೆ. ಅವರ ಪರವಾಗಿ 2025ರ ಅಮೆರಿಕದ ಪ್ರಸಂಗವೊಂದಿದೆ. ಆ ವರ್ಷ ಟೆಕ್ಸಸ್ ರಾಜ್ಯವನ್ನು ಆಳುವ ರಿಪಬ್ಲಿಕನ್ನರು, ಜನಗಣತಿಗೆ ಕಾಯದೆ, ತಮಗೆ ಐದು ಸ್ಥಾನ ಹೆಚ್ಚು ಸಿಗಲೆಂದು ಸಂಸತ್ ಕ್ಷೇತ್ರಗಳ ನಕ್ಷೆಯನ್ನು ತಿದ್ದಿದರು. ಕ್ಯಾಲಿಫೋರ್ನಿಯದಲ್ಲಿ ಸಾಮಾನ್ಯ ನಾಗರಿಕರ ಸ್ವತಂತ್ರ ಆಯೋಗವೇ ನಕ್ಷೆ ರಚಿಸುವ ಒಳ್ಳೆಯ ಪದ್ಧತಿ ಇತ್ತು. ಅಲ್ಲಿನ ಡೆಮಾಕ್ರಟರು ಅದನ್ನು ಬದಿಗಿಟ್ಟು ಪ್ರತಿನಕ್ಷೆಯೊಂದನ್ನು ಮುಂದಿಟ್ಟರು. ನವೆಂಬರಿನಲ್ಲಿ ಮತದಾರರು ಅದನ್ನು ಒಪ್ಪಿದರು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಎದುರಾಳಿ ಕತ್ತಿ ಹಿರಿದಾಗ ಧರ್ಮಶಾಸ್ತ್ರ ಓದುತ್ತ ಕೂತವನು ಸೋಲುತ್ತಾನೆ. ಅವರು ನೇರವಾಗಿ ಜನರನ್ನೇ ಕೇಳಿದರು, ದಶಕದ ಕೊನೆಗೆ ಆಯೋಗ ಮರಳುತ್ತದೆಂದು ಅವಧಿಯನ್ನೂ ಕಟ್ಟಿದರು. ಆದರೆ ಕ್ಯಾಲಿಫೋರ್ನಿಯದ ಗ್ರಾಮಾಂತರದಲ್ಲಿ ವಾಸಿಸುವ ರಿಪಬ್ಲಿಕನ್ ರೈತ ಟೆಕ್ಸಸ್ಸಿನಲ್ಲಿ ಗೆರೆ ಎಳೆದವನಲ್ಲ. ದೂರದ ಅನ್ಯಾಯದ ದಂಡವನ್ನು ತೆತ್ತವನು ಅವನು. ಪ್ರತಿನಕ್ಷೆಯ ದೋಷ ಅಲ್ಲಿದೆ.

ನಮ್ಮಲ್ಲಿ ಕಾನೂನು ಬೇರೆ ದಾರಿಯನ್ನು ತೆರೆದಿಟ್ಟಿದೆ. 2002ರ ಕಾಯಿದೆಯ ಪ್ರಕಾರ ಆಯೋಗದೊಡನೆ ಪ್ರತಿ ರಾಜ್ಯದ ಐವರು ಸಂಸತ್ ಸದಸ್ಯರೂ ಐವರು ಶಾಸಕರೂ ಸಹ ಸದಸ್ಯರಾಗಿ ಕೂರುತ್ತಾರೆ. ಅವರಿಗೆ ಮತವಿಲ್ಲ, ಭಿನ್ನಾಭಿಪ್ರಾಯವನ್ನು ದಾಖಲಿಸುವ ಹಕ್ಕಿದೆ, ಅದು ಕರಡಿನ ಜೊತೆಗೆ ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಆಮೇಲೆ ಆಕ್ಷೇಪಣೆಗಳಿಗೆ ಕಾಲಾವಕಾಶ, ಬಹಿರಂಗ ಸಭೆ. ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲವೆಂದು ಕಾಯಿದೆ ಹೇಳುತ್ತದೆ. ತೀರ ಮನಬಂದಂತೆ ಹೊರಡಿಸಿದ ಆದೇಶವನ್ನು ಪರಿಶೀಲಿಸಬಹುದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಕಿಟಕಿಯೊಂದನ್ನು ತೆರೆದಿದೆ, ಅದು ಬಾಗಿಲಲ್ಲ. ಆದ್ದರಿಂದ ಕರಡು ಬಂದ ದಿನ ಹಳ್ಳಿಹಳ್ಳಿಯ ಅಂಕಿ ಅಂಶಗಳೊಡನೆ ಸಿದ್ಧವಾಗಿರದ ವಿರೋಧ ಪಕ್ಷ ಆಮೇಲೆ ಬೀದಿಗಿಳಿದು ಸಾಧಿಸುವುದು ಅಲ್ಪ. ಅದಕ್ಕಿಂತ ಮೊದಲೇ, ನಾವು ಅಧಿಕಾರಕ್ಕೆ ಬಂದರೆ ಸ್ಥಳೀಯ ಸಂಸ್ಥೆಗಳ ಗೆರೆಯನ್ನೂ ಸ್ವತಂತ್ರ ಆಯೋಗಕ್ಕೆ ಒಪ್ಪಿಸುತ್ತೇವೆಂದು ಅದು ಬರೆದುಕೊಡಬೇಕು. ಹಾಗೆ ಬರೆದುಕೊಡದವರ ಆಕ್ಷೇಪಣೆಯನ್ನು ನಾನಾದರೂ ಅರ್ಧ ಕಿವಿಯಿಂದ ಕೇಳುತ್ತೇನೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಸಿದ್ಧತೆಗೆ ಸಾಮಗ್ರಿಯೇನೂ ಕಡಿಮೆಯಿಲ್ಲ. ಭೂಮಿಯ ಸ್ವರೂಪ, ಆಡಳಿತದ ಎಲ್ಲೆ, ಸಂಚಾರದ ಅನುಕೂಲ, ಜನರ ಸೌಕರ್ಯ ಇವುಗಳನ್ನು ನೋಡಬೇಕೆಂದು ಕಾಯಿದೆಯೇ ಹೇಳುತ್ತದೆ. ಪರಿಶಿಷ್ಟ ಜಾತಿಯವರ ಪ್ರಮಾಣ ಹೆಚ್ಚಿರುವೆಡೆ ಮೀಸಲು ಸ್ಥಾನ ಬರಬೇಕೆಂದೂ ಇದೆ. 2008ರ ನಕ್ಷೆ ಬಂದಾಗ ಹನೂರು ಕೊಳ್ಳೇಗಾಲ ತಾಲ್ಲೂಕಿನ ಒಂದು ಭಾಗ. ಈಗ ಅದೇ ಒಂದು ತಾಲ್ಲೂಕು. ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಸೋಲಿಗರ ಪೋಡುಗಳಿಂದ ಮತಗಟ್ಟೆ ಎಷ್ಟು ದೂರ, ಯಳಂದೂರಿನ ಯಾವ ಹಳ್ಳಿಯವರು ಸಂತೆಗೆ ಎಲ್ಲಿಗೆ ಹೋಗುತ್ತಾರೆ, ಯಾವ ಕೇರಿಯನ್ನು ಗೆರೆ ಸೀಳಿದೆ ಎಂಬುದೆಲ್ಲ ಅಲ್ಲಿನ ಶಾಲಾ ಮಾಸ್ತರರಿಗೂ ಅಂಚೆಯವರಿಗೂ ಗೊತ್ತು. ಮುಂದಿನ ಆಯೋಗ ಬರುವ ಮೊದಲು ಯಾವುದಾದರೂ ಪಕ್ಷ ಅವರನ್ನು ಹೋಗಿ ಕೇಳಬಹುದು.