ಪೈಪಿನ ಫ್ಲೇಕ್ ತಂಬಾಕು: ರುಚಿ ನೋಡುವ ಬಗೆ, ರುಚಿ ಹುಟ್ಟುವ ಬಗೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತ ಬಾಂಧವರು ವರ್ಜೀನಿಯಾ ತಂಬಾಕನ್ನು ಬೆಳೆದು, ಬ್ಯಾರನ್ನಿನಲ್ಲಿ ಹದ ಮಾಡಿ, ಹರಾಜು ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಖರೀದಿದಾರನು ಬೇಲಿನಿಂದ ಒಂದು ಹಿಡಿ ಸೊಪ್ಪು ಎಳೆದು, ಅಂಗೈಯಲ್ಲಿ ಅಮುಕಿ, ಮೂಗಿಗೆ ಹಿಡಿದು, ಒಂದು ಮಾತೂ ಆಡದೆ ಮುಂದಿನ ಬೇಲಿಗೆ ಹೋಗುತ್ತಾನೆ. ವರ್ಷವಿಡೀ ದುಡಿದವನು 'ಏನು ಮೂಸಿದನೋ, ಏನು ಬೆಲೆ ಕಟ್ಟುವನೋ' ಎಂದು ನೋಡುತ್ತ ನಿಲ್ಲಬೇಕಾಗುತ್ತದೆ. ಆ ಮೂಸುವಿಕೆಯಲ್ಲಿ ಏನಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಇಂಗ್ಲೆಂಡಿನ ಹಳೆಯ ಪದ್ಧತಿಯ ಫ್ಲೇಕ್ ತಂಬಾಕನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಸಿಗರೇಟಿನಲ್ಲಿ ಹಲವು ಬಗೆಯ ಸೊಪ್ಪು ನುಣ್ಣಗೆ ಕತ್ತರಿಸಲ್ಪಟ್ಟು ಬೆರೆತು ಹೋಗುತ್ತದೆ. ಶುದ್ಧ ವರ್ಜೀನಿಯಾ ಫ್ಲೇಕ್‌ನಲ್ಲಿ ಹಾಗಲ್ಲ. ಎಲೆಯ ಗುಣವಾಗಲಿ ದೋಷವಾಗಲಿ ಅಲ್ಲಿ ಅಡಗುವುದಿಲ್ಲ.

ಇಲ್ಲಿ ಮೊದಲೇ ಒಂದು ಮಾತು ಹೇಳಬೇಕು. ಪೈಪು ಸೇದುವವರಲ್ಲಿ ಅನೇಕರು ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತಾರೆ. ಆದರೂ ತುಟಿ, ನಾಲಿಗೆ, ಗಂಟಲು, ಶ್ವಾಸಕೋಶಗಳ ಅರ್ಬುದ ರೋಗ ಅವರಿಗೂ ಬರುತ್ತದೆ ಎಂಬುದು ಸಿದ್ಧಪಟ್ಟ ವಿಷಯ. ಯಾರಿಗೂ ಈ ಚಟ ಕಲಿಸುವುದು ನನ್ನ ಉದ್ದೇಶವಲ್ಲ. ನಾನು ಸೇದುವವನೂ ಅಲ್ಲ. ರುಚಿಯ ಪಾಠ ನನಗೆ ದೊರೆತದ್ದು ನನಗೆ ಬೇಸಾಯ ಶಾಸ್ತ್ರ ಕಲಿಸಿದ ಹಿರಿಯ ಮೇಷ್ಟ್ರೊಬ್ಬರಿಂದ. ಅವರು ಬಹುಕಾಲ ಪೈಪು ಸೇದಿದವರು. ಮುಂದೆ ನಾಲಿಗೆಯ ಅಂಚಿಗೆ ಶಸ್ತ್ರಚಿಕಿತ್ಸೆಯಾಗಿ ಪೈಪನ್ನು ಬಿಟ್ಟರು. ಈಗ ಸೊಪ್ಪನ್ನು ಕೈಯಲ್ಲಿ ಹಿಡಿದು ಮೂಸಿ ಮಾತ್ರ ಹೇಳುತ್ತಾರೆ. ಹೇಳಿದ್ದು ತಪ್ಪಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಫ್ಲೇಕ್ ಎಂದರೇನು?

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಸರೋವರಗಳ ಸೀಮೆಯ ಅಂಚಿನಲ್ಲಿ, ಕೆಂಡಲ್ ಎಂಬ ಸಣ್ಣ ಪಟ್ಟಣವಿದೆ. ನಶ್ಯ ಮತ್ತು ಪೈಪಿನ ತಂಬಾಕಿಗೆ ಇದು ಹೆಸರಾದ ಊರು. ಇಲ್ಲಿನ ಸ್ಯಾಮ್ಯುಯೆಲ್ ಗೇವಿತ್ ಎಂಬ ಹೆಸರಿನ ತಂಬಾಕು ಮನೆತನ ತನ್ನ ಮೂಲವನ್ನು ೧೭೯೨ನೇ ಇಸವಿಗೆ ಒಯ್ಯುತ್ತದೆ. 'ಫುಲ್ ವರ್ಜೀನಿಯಾ ಫ್ಲೇಕ್' ಎಂಬುದು ಆ ಹೆಸರಿನ ಡಬ್ಬಿಗಳಲ್ಲಿ ಒಂದು. ಹೆಸರೇ ಹೇಳುವಂತೆ ಅದು ವರ್ಜೀನಿಯಾ ಸೊಪ್ಪಿನಿಂದಲೇ ಮಾಡಿದ್ದು.

ಇದನ್ನು ತಯಾರಿಸುವ ಕ್ರಮ ಸರಳ. ಹದವಾದ ಎಲೆಯ ನಡುದಂಟನ್ನು ತೆಗೆದು, ತೇವ ಕೊಟ್ಟು ಮೆತ್ತಗೆ ಮಾಡಿ, ಬೇರೆ ಬೇರೆ ಕಡೆಯ ಮತ್ತು ಗಿಡದ ಬೇರೆ ಬೇರೆ ಮಟ್ಟದ ಎಲೆಗಳನ್ನು ಬೆರೆಸುತ್ತಾರೆ. ಬಳಿಕ ಅದನ್ನು ಬಲವಾದ ಒತ್ತಡದಲ್ಲಿ, ಬಿಸಿ ಕೊಟ್ಟು, ಗಟ್ಟಿಯಾದ ಬಿಲ್ಲೆಯಾಗಿ ಒತ್ತುತ್ತಾರೆ. ಬೆಲ್ಲದ ಅಚ್ಚನ್ನು ನೆನೆಸಿಕೊಂಡರೆ ಸಾಕು. ಈ ಬಿಲ್ಲೆಯನ್ನು ತೆಳುವಾಗಿ ಸೀಳಿದಾಗ ಬರುವ ಪಟ್ಟಿಗಳೇ ಫ್ಲೇಕ್. ಒತ್ತಡ ಮತ್ತು ಬಿಸಿಯಲ್ಲಿ ಎಲೆಯೊಳಗಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಕಂದು ಬಣ್ಣ ಮತ್ತು ಹೊಸ ಪರಿಮಳ ಹುಟ್ಟುತ್ತವೆ. ರಾಗಿ ಹುರಿಯುವಾಗ ಬರುವ ಘಮವೂ ರೊಟ್ಟಿಯ ಮೇಲ್ಪದರ ಕೆಂಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಒಮ್ಮೆ ಮುಚ್ಚಿದ ಡಬ್ಬಿಯೊಳಗೂ ಈ ಬದಲಾವಣೆ ನಿಧಾನವಾಗಿ ಮುಂದುವರಿಯುತ್ತದೆ. ಆದ್ದರಿಂದ ಬಲ್ಲವರು ಡಬ್ಬಿಯನ್ನು ಒಡೆಯದೆ ಕೆಲವು ವರ್ಷ ಇಟ್ಟಿರುವುದೂ ಉಂಟು, ನಮ್ಮಲ್ಲಿ ಹಳೆಯ ಅಕ್ಕಿ, ಹಳೆಯ ಹುಣಸೆಹಣ್ಣನ್ನು ಕಾದಿಟ್ಟಂತೆ.

ರುಚಿ ನೋಡುವ ಕ್ರಮ

ಮೇಷ್ಟ್ರು ಸೇದುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಬಂಧುವೊಬ್ಬರು ಈ ಬಗೆಯ ಒಂದು ಡಬ್ಬಿ ತಂದುಕೊಟ್ಟಿದ್ದರು. ಅದನ್ನು ತೆರೆದ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು, 'ಮೊದಲು ಬೆಂಕಿಕಡ್ಡಿ ಗೀರಬೇಡ, ಮೂಗು ಹಿಡಿ' ಎಂದರು. ಡಬ್ಬಿ ತೆರೆದ ಕ್ಷಣದ ವಾಸನೆಯೇ ಮೊದಲ ಪರೀಕ್ಷೆ. ಒಣದ್ರಾಕ್ಷಿ, ಅಂಜೂರ, ಬಿಸಿಲಲ್ಲಿ ಒಣಗಿದ ಹುಲ್ಲು, ಹಿಂದೆಯೇ ಸ್ವಲ್ಪ ಹುಳಿ: ಚೆನ್ನಾಗಿ ಮಾಗಿದ ವರ್ಜೀನಿಯಾ ಫ್ಲೇಕ್‌ನಲ್ಲಿ ಇವಿಷ್ಟನ್ನು ಗುರುತಿಸಬಹುದು. ಮುಗ್ಗಲು, ಹಸಿ ಸೊಪ್ಪಿನ ಕಮಟು, ಸೌದೆ ಹೊಗೆಯ ನಾತ, ಇವು ಬಂದರೆ ಮುಂದಿನ ಮಾತೇ ಬೇಡ.

ಎರಡನೆಯದು ಕಣ್ಣು ಮತ್ತು ಕೈ. ಪಟ್ಟಿಯ ಬಣ್ಣ ಕಂದು, ನಡುನಡುವೆ ಹೊನ್ನಿನ ಗೆರೆ. ಆ ಗೆರೆ ತೆಳುವಾದ, ಚೆನ್ನಾಗಿ ಹಣ್ಣಾದ ಎಲೆಯದ್ದು. ಗಾಢವಾದ ಭಾಗ ಗಿಡದ ಮೇಲಿನ ದಪ್ಪ ಎಲೆಯದ್ದು ಇರಬಹುದು. ಫ್ಲೇಕ್ ಸಾಮಾನ್ಯವಾಗಿ ಹೆಚ್ಚು ತೇವದಲ್ಲಿ ಡಬ್ಬಿಗೆ ಸೇರಿರುತ್ತದೆ. ಹಾಗೆಯೇ ಹಚ್ಚಿದರೆ ಆವಿ ಎದ್ದು ನಾಲಿಗೆ ಸುಡುತ್ತದೆ, ಪೈಪಿನ ತಳದಲ್ಲಿ ನೀರು ಗೊರಗೊರ ಎನ್ನುತ್ತದೆ. ಆದ್ದರಿಂದ ಪಟ್ಟಿಯನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ಆರಲು ಬಿಡುತ್ತಾರೆ. ಬಳಿಕ ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸುತ್ತಾರೆ, ಇಲ್ಲವೆ ಹಾಗೆಯೇ ಮಡಿಸಿ ಬಟ್ಟಲಿಗೆ ಇಳಿಸುತ್ತಾರೆ. ಬಿಡಿಸಿದ್ದು ಬೇಗ ಉರಿಯುತ್ತದೆ, ಮಡಿಸಿದ್ದು ನಿಧಾನ.

ಮೊದಲು ಹಚ್ಚಿದಾಗ ಮೇಲಿನ ಎಳೆಗಳು ಉಬ್ಬಿ ಏಳುತ್ತವೆ. ಅದನ್ನು ಮೆಲ್ಲಗೆ ಒತ್ತಿ ಮತ್ತೊಮ್ಮೆ ಹಚ್ಚಬೇಕು. ಆಮೇಲೆ ಬಿಸಿ ಕಾಫಿಯನ್ನು ಗುಟುಕರಿಸುವಷ್ಟೇ ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಸಿಹಿ ಮಾಯವಾಗಿ ಉರಿ ಮಾತ್ರ ಉಳಿಯುತ್ತದೆ. ಬಲ್ಲವರು ಹೊಗೆಯ ಸ್ವಲ್ಪ ಭಾಗವನ್ನು ಮೂಗಿನಿಂದ ಬಿಡುತ್ತಾರೆ, ಏಕೆಂದರೆ ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವು ಮೂಲ ರುಚಿಗಳಷ್ಟೇ. ಮಿಕ್ಕದ್ದೆಲ್ಲ ಮೂಗಿನ ಕೆಲಸ. ಬಟ್ಟಲಿನ ಮೇಲ್ಭಾಗದಲ್ಲಿ ಒಣಹುಲ್ಲು ಮತ್ತು ನಿಂಬೆಸಿಪ್ಪೆಯ ನೆನಪು ತರುವ ರುಚಿ, ನಡುವೆ ರೊಟ್ಟಿಯ ಮತ್ತು ಬೆಲ್ಲದ ಪಾಕದ ರುಚಿ, ತಳಕ್ಕೆ ಬಂದಾಗ ಮೆಣಸಿನಂಥ ಖಾರ. ತಳದಲ್ಲಿ ತೀಕ್ಷ್ಣತೆ ಹೆಚ್ಚಲು ಕಾರಣ, ಮೇಲೆ ಉರಿಯುವಾಗ ಹೊರಟ ನಿಕೋಟಿನ್ ಮತ್ತು ಜಿಡ್ಡು ಕೆಳಗಿನ ಎಳೆಗಳಲ್ಲಿ ಸೇರಿಕೊಳ್ಳುವುದು. ಮೇಷ್ಟ್ರು ಕೊನೆಗೆ ಬೂದಿಯನ್ನು ಕಾಗದದ ಮೇಲೆ ಸುರಿದು ತೋರಿಸಿದರು. ಬೂದಿ ಬಿಳಿಚಾಗಿ ಪುಡಿಪುಡಿಯಾಗಿದ್ದರೆ ಎಲೆ ಚೆನ್ನಾಗಿ ಉರಿಯುವಂಥದ್ದು. ಕಪ್ಪು ಇದ್ದಿಲಿನಂತೆ ಉಳಿದರೆ ತೇವ ಹೆಚ್ಚಿತ್ತು, ಇಲ್ಲವೆ ಹೊಲದಲ್ಲೇ ಏನೋ ಎಡವಟ್ಟಾಗಿದೆ.

ಈ ಸಿಹಿ ಎಲ್ಲಿಂದ ಬಂತು?

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಕೆಂಡಲ್‌ನ ಒತ್ತುಯಂತ ಎಲೆಯಲ್ಲಿ ಇರುವ ಸಕ್ಕರೆಯನ್ನು ಮಾಗಿಸಬಲ್ಲದೇ ಹೊರತು ಇಲ್ಲದ್ದನ್ನು ಹುಟ್ಟಿಸಲಾರದು. ಆ ಸಕ್ಕರೆ ಹುಟ್ಟುವುದು ರೈತನ ಬ್ಯಾರನ್ನಿನಲ್ಲಿ, ಅದೂ ಮೊದಲ ಎರಡು ದಿನಗಳಲ್ಲಿ.

ಹಣ್ಣಾದ ಹಸಿ ಎಲೆಯ ಒಣತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಪಿಷ್ಟವಿರಬಹುದು. ಕಿತ್ತ ಎಲೆ ಕೂಡಲೆ ಸಾಯುವುದಿಲ್ಲ. ಬ್ಯಾರನ್ನಿನಲ್ಲಿ ೩೨ ರಿಂದ ೩೮ ಡಿಗ್ರಿ ಸೆಲ್ಸಿಯಸ್, ಅಂದರೆ ಹಳಬರು ಹೇಳುವ ೯೦ ರಿಂದ ೧೦೦ ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ, ಗಾಳಿ ತೇವವಾಗಿರುವಾಗ, ಅದು ಉಸಿರಾಡುತ್ತಲೇ ಇರುತ್ತದೆ. ಆಗ ಎಲೆಯೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ, ಪತ್ರಹರಿತ್ತು ಅಳಿದು ಹಳದಿ ಮೂಡುತ್ತದೆ. ಆ ಹಳದಿ ವರ್ಣದ್ರವ್ಯಗಳು ಮುಂದೆ ಒಡೆದಾಗಲೇ ಹೂವಿನ, ಹಣ್ಣಿನ, ಒಣಹುಲ್ಲಿನ ಪರಿಮಳ ಬರುವುದು. ಇದಕ್ಕೆ ಸಾಮಾನ್ಯವಾಗಿ ೩೬ ರಿಂದ ೪೮ ಗಂಟೆ ಬೇಕು. ಬಳಿಕ ಶಾಖ ಏರಿಸಿ, ಗಾಳಿಕಂಡಿ ತೆರೆದು, ಎಲೆಯ ಹಾಳೆಯನ್ನು ಒಣಗಿಸಿ, ಕೊನೆಗೆ ಸುಮಾರು ೭೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡುದಂಟನ್ನು ಒಣಗಿಸುತ್ತೇವೆ. ಶಾಖ ಏರಿಸಿದೊಡನೆ ಕಿಣ್ವಗಳು ನಿಲ್ಲುತ್ತವೆ, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಹೀಗೆ ಹದವಾದ ಎಲೆಯಲ್ಲಿ ಸಾಮಾನ್ಯವಾಗಿ ಶೇಕಡ ೧೦ ರಿಂದ ೨೦ರಷ್ಟು ಸಕ್ಕರೆ ಇರುತ್ತದೆ. ನೆರಳಿನಲ್ಲಿ ವಾರಗಟ್ಟಲೆ ಒಣಗಿಸುವ ಬರ್ಲಿ ತಂಬಾಕಿನಲ್ಲಿ ಎಲೆ ತನ್ನ ಸಕ್ಕರೆಯನ್ನೆಲ್ಲ ಉಸಿರಾಟದಲ್ಲೇ ಸುಟ್ಟುಕೊಳ್ಳುವುದರಿಂದ ಅದರಲ್ಲಿ ಸಿಹಿ ಇಲ್ಲವೆನ್ನಬಹುದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ೧೮೩೯ರಲ್ಲಿ ಸ್ಟೀಫನ್ ಎಂಬ ಗುಲಾಮ ಕೆಲಸಗಾರ, ಆರುತ್ತಿದ್ದ ಬೆಂಕಿಗೆ ಇದ್ದಿಲು ಹಾಕಿ ಒಮ್ಮೆಲೇ ಶಾಖ ಏರಿಸಿದಾಗ ಎಲೆ ಹೊನ್ನಿನ ಬಣ್ಣಕ್ಕೆ ನಿಂತಿತು ಎಂದು ಹೇಳುತ್ತಾರೆ. ಕಲಿಯಬೇಕಾದದ್ದು ಶಾಖ ಏರಿಸುವ ಹೊತ್ತನ್ನೇ.

ನಮ್ಮಲ್ಲಿ ತಪ್ಪುವುದೂ ಇಲ್ಲಿಯೇ. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕು. ಹೊಲದಲ್ಲಿ ಮುಂದಿನ ಕೊಯ್ಲು ಕಾಯುತ್ತಿರುತ್ತದೆ, ಬ್ಯಾರನ್ ಒಂದೇ. ಆದ್ದರಿಂದ ಹಳದಿಯಾಗುವ ಹಂತವನ್ನು ಅರ್ಧ ದಿನ ಮೊಟಕು ಮಾಡುವ ಆಸೆ ಸಹಜ. ಆದರೆ ಈ ಹಂತದಲ್ಲಿ ಶಾಖವೇ ಕಡಿಮೆಯಾದ್ದರಿಂದ ಉಳಿಯುವ ಸೌದೆ ಅಲ್ಪ. ಹಸಿರು ಛಾಯೆ ಎಲೆಯಲ್ಲಿ ನಿಂತರೆ ಕಳೆದುಕೊಳ್ಳುವುದು ಗ್ರೇಡನ್ನು. ಹಸಿರು ನಿಂತ ಎಲೆಯಲ್ಲಿ ಪಿಷ್ಟವೂ ಪೂರ್ತಿ ಒಡೆದಿರುವುದಿಲ್ಲ. ಅದರ ಹೊಗೆ ಕಟುವಾಗಿ, ಹುಲ್ಲು ಸುಟ್ಟಂತೆ ಇರುತ್ತದೆ. ಇನ್ನು ತಡವಾದರೂ ಕೇಡೇ. ಹಳದಿ ಮೀರಿ ಎಲೆ ಕಂದಿದರೆ ಸಕ್ಕರೆ ಖರ್ಚಾಗಿ ಎಲೆ ಹಗುರವಾಗುತ್ತದೆ.

ಹೊಲದ ಪಾಲು

ಕಾಯಿ ಎಲೆಯನ್ನು ಕಿತ್ತರೆ ಬ್ಯಾರನ್ ಏನೂ ಮಾಡಲಾರದು. ಬುಡದಿಂದ ಮೇಲಕ್ಕೆ, ಪ್ರತಿ ಸಲ ಹಣ್ಣಾದ ಎರಡು ಮೂರು ಎಲೆಗಳನ್ನು ಮಾತ್ರ ಕೀಳಬೇಕು. ಸಾರಜನಕ ಅತಿಯಾದರೆ ಗಿಡ ಕಡುಹಸಿರಾಗಿ, ಎಲೆ ಹಣ್ಣಾಗುವುದು ತಡವಾಗಿ, ನಿಕೋಟಿನ್ ಏರಿ ಸಕ್ಕರೆ ಇಳಿಯುತ್ತದೆ. ಖರೀದಿದಾರರು ಸಕ್ಕರೆ ಮತ್ತು ನಿಕೋಟಿನ್ನಿನ ಪ್ರಮಾಣವನ್ನು ಹೋಲಿಸಿ ನೋಡುತ್ತಾರೆ. ಒಂದು ಪಾಲು ನಿಕೋಟಿನ್ನಿಗೆ ೭ ರಿಂದ ೧೩ ಪಾಲು ಸಕ್ಕರೆ ಇದ್ದರೆ ಹೊಗೆ ಹದವಾಗಿದೆ ಎಂದು ಲೆಕ್ಕ. ಸಕ್ಕರೆಯಿರುವ ಎಲೆಯ ಹೊಗೆ ಸ್ವಲ್ಪ ಆಮ್ಲೀಯವಾಗಿದ್ದು ಗಂಟಲಿಗೆ ಮೃದುವಾಗಿರುತ್ತದೆ.

ಉರಿಯ ವಿಷಯ ಇನ್ನೂ ಮುಖ್ಯ. ಪೊಟ್ಯಾಷ್ ಎಲೆಯನ್ನು ಸಮನಾಗಿ ಉರಿಯುವಂತೆ ಮಾಡುತ್ತದೆ, ಕ್ಲೋರೈಡು ಉರಿಯನ್ನು ಆರಿಸುತ್ತದೆ. ಎಲೆಯಲ್ಲಿ ಕ್ಲೋರೈಡು ಶೇಕಡ ೧.೫ನ್ನು ಮೀರಿತೆಂದರೆ ಉರಿ ಕೆಡುತ್ತದೆ, ಎಲೆ ತೇವ ಹೀರಿ ಜಿಗುಟಾಗುತ್ತದೆ. ಆದ್ದರಿಂದ ಬೆಲೆ ಕಡಿಮೆಯೆಂದು ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ತಂಬಾಕಿಗೆ ಹಾಕಲೇಬಾರದು. ಸಲ್ಫೇಟ್ ಆಫ್ ಪೊಟ್ಯಾಷನ್ನೇ ಬಳಸಬೇಕು. ಉಪ್ಪು ನೀರಿನ ಬಾವಿಯಿಂದ ನೀರು ಕಟ್ಟುವುದೂ ಬೇಡ. ಮೇಷ್ಟ್ರು ಕಾಗದದ ಮೇಲೆ ತೋರಿಸಿದ ಬೂದಿಯ ಬಣ್ಣ ಗೊಬ್ಬರದ ಅಂಗಡಿಯಲ್ಲೇ ನಿಶ್ಚಯವಾಗಿತ್ತು ಎಂದರೆ ತಪ್ಪಾಗದು.

ಬ್ಯಾರನ್ನಿನ ಹೊಗೆಕೊಳವೆಗಳನ್ನು ಪ್ರತಿವರ್ಷ ಪರೀಕ್ಷಿಸಿ ಬಿರುಕು ಮುಚ್ಚಬೇಕು. ಸೋರಿದ ಹೊಗೆಯ ನಾತ ಎಲೆಯನ್ನು ಬಿಡುವುದಿಲ್ಲ. ಅಷ್ಟೇ ಅಲ್ಲದೆ, ಸುಡುವ ಅನಿಲಗಳು ಎಲೆಗೆ ತಗುಲಿದರೆ ನೈಟ್ರೊಸಮೀನ್ ಎಂಬ ಅರ್ಬುದಕಾರಕ ವಸ್ತುಗಳು ಹೆಚ್ಚುತ್ತವೆ. ಪ್ಲಾಸ್ಟಿಕ್ ದಾರ, ಗೋಣಿ ಎಳೆ, ಕೂದಲು ಬೇಲಿನಲ್ಲಿ ಸೇರದಂತೆ ಎಚ್ಚರ ವಹಿಸಬೇಕು. ಒತ್ತಿ ಸೀಳುವ ಫ್ಲೇಕ್‌ನಲ್ಲಿ ಒಂದು ನೈಲಾನ್ ಎಳೆ ಸಿಕ್ಕಿತೆಂದರೆ ಆ ಬಿಲ್ಲೆಯೆಲ್ಲ ಹಾಳು.

ಮನೆಯಲ್ಲೇ ಪರೀಕ್ಷೆ

ಸೇದದೆಯೇ ಸೊಪ್ಪನ್ನು ಪರೀಕ್ಷಿಸಲು ಸುಲಭ ದಾರಿಯಿದೆ. ಒಂದೊಂದು ಬ್ಯಾರನ್ ಇಳಿಸಿದಾಗಲೂ, ಎಲೆ ತೇವ ಹಿಡಿದು ಮೆತ್ತಗಾದ ಮೇಲೆ, ನಾಲ್ಕೈದು ಎಲೆಗಳನ್ನು ಮಡಿಸಿ ವಾಸನೆಯಿಲ್ಲದ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ಮುಚ್ಚಿಡಬೇಕು. ಡಬ್ಬಿಯ ಮೇಲೆ ಕೊಯ್ಲಿನ ದಿನ, ಎಲೆಯ ಮಟ್ಟ, ಹಳದಿ ಮಾಡಿದ ಗಂಟೆಗಳನ್ನು ಬರೆಯಬೇಕು. ಮರುದಿನ ಬೆಳಿಗ್ಗೆ, ಕಾಫಿ ಕುಡಿಯುವ ಮೊದಲೇ, ತೆರೆದು ಮೂಸಿ ನೋಡಿರಿ. ಸಿಹಿಯೋ, ಹುಲ್ಲೋ, ಹೊಗೆಯೋ ಒಂದೇ ಪದದಲ್ಲಿ ಬರೆದಿಡಿ. ಒಂದು ಹಂಗಾಮಿನಲ್ಲಿ ಹತ್ತು ಡಬ್ಬಿ ಮೂಸಿದವರಿಗೆ ಖರೀದಿದಾರನ ಮೌನ ಬಹುಮಟ್ಟಿಗೆ ಅರ್ಥವಾಗುತ್ತದೆ. ಆದರೆ ಹಸಿ ಎಲೆಯ ಬಗ್ಗೆ ಎಚ್ಚರವಿರಲಿ: ಮಳೆ, ಇಬ್ಬನಿಯಲ್ಲಿ ಒದ್ದೆಯಾದ ಎಲೆ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ವಾಂತಿ, ತಲೆಸುತ್ತು ಬರುತ್ತದೆ. ಮಕ್ಕಳನ್ನೂ ಬಸುರಿಯರನ್ನೂ ಆ ಕೆಲಸಕ್ಕೆ ಹಚ್ಚಬಾರದು, ಮಿಕ್ಕವರು ಕೈಚೀಲ ತೊಡಬೇಕು.

ಹುಣಸೂರಿನ ಕಡೆಯ ರೈತರೊಬ್ಬರು ಕಳೆದ ಹಂಗಾಮಿನಲ್ಲಿ ಇಂಥ ಎರಡು ಡಬ್ಬಿ ನನಗೆ ಕೊಟ್ಟಿದ್ದರು. ಒಂದೇ ಹೊಲ, ಒಂದೇ ಮಟ್ಟದ ಎಲೆ. ಒಂದನ್ನು ೪೪ ಗಂಟೆ, ಇನ್ನೊಂದನ್ನು ಮದುವೆಗೆ ಹೋಗುವ ಅವಸರದಲ್ಲಿ ೨೮ ಗಂಟೆ ಹಳದಿ ಮಾಡಿದ್ದು. ಚೀಟಿ ಕಿತ್ತು ಮೇಷ್ಟ್ರ ಮುಂದಿಟ್ಟೆ. ಮೊದಲನೆಯದನ್ನು ಮೂಸಿ, ಮತ್ತೊಮ್ಮೆ ಮೂಸಿ, ಮುಚ್ಚಳ ಹಾಕಿ ತಮ್ಮ ಕಡೆಗೆ ಸರಿಸಿಕೊಂಡರು. ಎರಡನೆಯದನ್ನು ನನ್ನ ಕಡೆಗೆ ತಳ್ಳಿ, 'ಇದನ್ನು ಯಾರೋ ಅರ್ಧದಲ್ಲೇ ಎಬ್ಬಿಸಿಬಿಟ್ಟಿದ್ದಾರಲ್ಲೋ' ಎಂದರು.